ಉಸಿರುಕಟ್ಟು-ಪಿಯ ಹಾಡು

ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮಸಾಯೊ-ಸಾನ್ ಮುಖ ಬೆಂದ ಏಡಿಯ ಬಣ್ಣಕ್ಕೆ ತಿರುಗಿತು. ಐದನೆಯ ಸಾಲಿಗೆ ಅವರು ಹಾಡುವುದನ್ನು ಬಿಟ್ಟು ಮಡಿಚುವ ಕುರ್ಚಿಯ ಮೇಲೆ ಕುಸಿದರು. ಆರನೆಯ ಸಾಲು ಮುಗಿಯುವುದರೊಳಗೆ ಉಳಿದ ಹನ್ನೊಂದು ಹೆಂಗಸರೂ ಒಬ್ಬರ ಹಿಂದೊಬ್ಬರು ಸೋತು, ಎದೆ ಹಿಡಿದುಕೊಂಡು ನಿಂತರು. ಜಪಾನಿನ ಹಿಮಿ ಬಂದರಿನ ಸಮುದಾಯ ಭವನದ ಮಹಡಿಯಲ್ಲಿ ಪಿಯಾನೊ ಒಂದೇ ಇನ್ನೂ ಓಡುತ್ತಿತ್ತು.

“ನಿಲ್ಸು, ನಿಲ್ಸು!” ತಂಡಕ್ಕೆ ಹಾಡು ಕಲಿಸುವ ಗುರು ಕುರೋಸೆ ಸೆನ್ಸೇ ಸ್ವರದ ಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ರಪ್ಪನೆ ಬಡಿದರು. “ಯಾರಮ್ಮಾ ಇದನ್ನ ಬರೆದ ಕೊಲೆಗಡುಕ? ಮೂರೂವರೆ ನಿಮಿಷದ ಹಾಡು, ಉಸಿರೆಳ್ಕೊಳ್ಳೋಕೆ ಸಾಸಿವೆ ಕಾಳಷ್ಟೂ ಜಾಗ ಇಲ್ಲ! ಮನುಷ್ಯರು ಹಾಡ್ಲಿ ಅಂತ ಬರೆದಿದ್ದೋ, ಮೀನು ಹಾಡ್ಲಿ ಅಂತ ಬರೆದಿದ್ದೋ?”

ಪಿಯಾನೊ ಮುಂದೆ ಕೂತಿದ್ದ ಶಿಹೊ ತಲೆ ಎತ್ತಲಿಲ್ಲ. ಆ ಕೊಲೆಗಡುಕಿ ಅವಳೇ. ಅದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದು ಎಂದೇ ಅವಳು ಕೀಲಿಗಳ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದಳು.

“ಸೆನ್ಸೇ, ಇದು ಮನುಷ್ಯರಿಗೆ ಬರೆದಿದ್ದಲ್ಲ, ಮಿನಾಮೊಗೆ ಬರೆದಿದ್ದು,” ಎಂದರು ಮಸಾಯೊ-ಸಾನ್, ಕೂತಲ್ಲೇ ಬೀಸಣಿಗೆ ಬೀಸಿಕೊಳ್ಳುತ್ತ. ಹಾಡನ್ನು ತಂಡಕ್ಕೆ ತಂದವರೇ ಅವರು. “ಮೊಮ್ಮಗಳು ಹೊನೊಕಾ ನನ್ನ ಕರ್ಕೊಂಡು ಹೋಗಿದ್ಲಲ್ಲ, ಮಿನಾಮೊ ಕಾರ್ಯಕ್ರಮಕ್ಕೆ. ಗಾಜಿನಂಥ ಪರದೆ ಮೇಲೆ ಆ ಹುಡುಗಿ ಕುಣೀತಾಳೆ, ಕೆಳಗೆ ಎಂಟು ಸಾವಿರ ಜನ ಕಿತ್ತಳೆ ಬಣ್ಣದ ದೀಪದ ಕಡ್ಡಿ ಬೀಸ್ತಾರೆ. ಆ ಹುಡುಗಿ ಇಲ್ಲವೇ ಇಲ್ಲ ಅಂತ ನಂಗೂ ಗೊತ್ತು ಕಣ್ರೀ. ಆದ್ರೂ ಈ ಹಾಡು ಬಂದಾಗ ಗೊಳೋ ಅಂತ ಅತ್ತುಬಿಟ್ಟೆ. ನಮ್ಮ ಯಜಮಾನ್ರು ಹೋದಾಗ್ಲೂ ಅಷ್ಟು ಅತ್ತಿರ್ಲಿಲ್ಲ.”

“ನಿಮ್ಮ ಯಜಮಾನ್ರನ್ನ ನಾವೂ ನೋಡಿದ್ದೀವಲ್ಲ, ಅದ್ರಲ್ಲೇನೂ ಆಶ್ಚರ್ಯ ಇಲ್ಲ ಬಿಡಿ,” ಎಂದರು ಮೀನಂಗಡಿಯ ಕಿನುಕೊ-ಸಾನ್. ಹನ್ನೆರಡು ಮಂದಿಯೂ ಇಲ್ಲದ ಉಸಿರಿನಲ್ಲೇ ನಕ್ಕರು.

ಮಿನಾಮೊ ಎಂದರೆ ಕಂಪ್ಯೂಟರಿನೊಳಗಿನ ಹಾಡುಗಾರ್ತಿ. ಕಿತ್ತಳೆ ರೇನ್‌ಕೋಟು, ಮೊಣಕಾಲುದ್ದದ ಬೂಟು, ವಯಸ್ಸು ಎಂದೆಂದಿಗೂ ಹದಿನಾರು. ಅವಳ ದನಿಯನ್ನು ಅಂಗಡಿಯಲ್ಲಿ ಕೊಂಡು ತಂದು, ಸ್ವರವನ್ನೂ ಮಾತನ್ನೂ ಒಂದೊಂದಾಗಿ ಜೋಡಿಸಿದರೆ ಯಾರ ಹಾಡನ್ನಾದರೂ ಹಾಡುತ್ತಾಳೆ. ಬೇಸರವಿಲ್ಲ, ನೆಗಡಿಯಿಲ್ಲ. ಹಾಗೆ ಹಾಡು ಕಟ್ಟುವವರನ್ನು ಕೇಳುಗರು ಪ್ರೊಡ್ಯೂಸರ್ ಎಂದು ಗೌರವಿಸಿ, ಹೆಸರಿನ ಕೊನೆಗೆ ಒಂದು ‘ಪಿ’ ಅಂಟಿಸುತ್ತಾರೆ. ಆದರೆ ಹೆಸರಿಡುವ ಹಕ್ಕು ಕಟ್ಟಿದವರದಲ್ಲ, ಕೇಳುಗರದು. ಅವರು ಇಡುವುದೂ ಹೆಚ್ಚಾಗಿ ಮಾಡಿದ ತಪ್ಪನ್ನು ಹಿಡಿದೇ. ಹಾಡಿನ ಹಿನ್ನೆಲೆಯಲ್ಲಿ ತಾನು ನೂಡಲ್ಸ್ ಸೊರ್ರೆಂದು ಹೀರಿದ ಸದ್ದನ್ನು ಅಳಿಸಲು ಮರೆತವನೊಬ್ಬ ಜೀವಮಾನವಿಡೀ ನೂಡಲ್ಸ್-ಪಿ.

ಶಿಹೊ ಮರೆತದ್ದು ಉಸಿರನ್ನು. ಹದಿನೈದು ವರ್ಷದ ಹಿಂದೆ ಮೊದಲ ಹಾಡು ಕಟ್ಟುವಾಗ, ಹಾಡುವವರು ನಡುನಡುವೆ ಉಸಿರೆಳೆದುಕೊಳ್ಳುತ್ತಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಹಾಡಿ ಗೊತ್ತಿದ್ದರೆ ತಾನೆ ಹೊಳೆಯುವುದು? ಹಾಡನ್ನು ಅಂತರ್ಜಾಲಕ್ಕೆ ಏರಿಸಿದ್ದೇ ತಡ, ಪರದೆಯ ಮೇಲೆ ಸಾಲುಗಟ್ಟಿ ಮಾತುಗಳು ಹರಿದವು: “ಯಾರಾದ್ರೂ ಈ ಹುಡುಗಿಗೆ ಉಸಿರಾಡೋಕೆ ಬಿಡ್ರಪ್ಪಾ!” “ಕೇಳ್ತಾ ಕೇಳ್ತಾ ನಂಗೇ ಉಸಿರುಕಟ್ತಿದೆ!” ಸಂಜೆಯೊಳಗೆ ನಾಮಕರಣ ಮುಗಿದಿತ್ತು. ಉಸಿರುಕಟ್ಟು-ಪಿ. ಅವಮಾನವೆಂದು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ, ಹೆಸರು ಬಂದಮೇಲೆ ಅದರಂತೆ ಬಾಳಬೇಕು ಎಂದುಕೊಂಡು ಎರಡನೆಯ ಹಾಡನ್ನೂ ಉಸಿರಿಲ್ಲದೇ ಕಟ್ಟಿದಳು. ಬೆಳಗ್ಗೆ ಕಮಾಬೊಕೊ ಎಂಬ ಮೀನಿನ ತಿನಿಸಿನ ಕಾರ್ಖಾನೆಯಲ್ಲಿ ಹಿಟ್ಟನ್ನು ಗುಲಾಬಿ ಸುರುಳಿ ಸುತ್ತುವುದು, ಮಧ್ಯಾಹ್ನ ಮನೆಗೆ ಬಂದು ಮಿನಾಮೊಗೆ ಹಾಡು ಕಲಿಸುವುದು. ಹೀಗೆ ಮೂವತ್ತೊಂದು ಹಾಡುಗಳಾದವು. ‘ಅಲೆ ಕಾಯುವುದಿಲ್ಲ’ ಎಂಬ ಈ ಹಾಡನ್ನಂತೂ ಲಕ್ಷಗಟ್ಟಲೆ ಜನ ಕೇಳಿದ್ದರು. ಕೇಳುಗರು ಬರೆದ ಒಂದು ಮಾತಿಗೂ ಅವಳು ಈವರೆಗೆ ಉತ್ತರ ಕೊಟ್ಟಿರಲಿಲ್ಲ.

ಅವಳು ಯಾಕೆ ಹಾಡುವುದಿಲ್ಲ ಎಂದು ಕೇಳಿದರೆ ಅದಕ್ಕೂ ಒಂದು ದಿನವಿದೆ, ಒಂದು ಮಾತಿದೆ. ಹದಿನಾಲ್ಕನೆಯ ವಯಸ್ಸು, ಶಾಲೆಯಲ್ಲಿ ತರಗತಿ ತರಗತಿಗಳ ನಡುವೆ ಕೋರಸ್ ಸ್ಪರ್ಧೆ. ಸಂಗೀತದ ಟೀಚರು ಸಾಲಿನ ಮುಂದೆ ಕಿವಿಗೊಟ್ಟು ನಡೆಯುತ್ತ ಬಂದು ಅವಳೆದುರು ನಿಂತು, ಮನೆತನದ ಹೆಸರಿನಿಂದ ಕರೆದರು. “ಉರಾಬೆ, ನಿನ್ನ ದನಿ ಗುಂಪಲ್ಲಿ ಬೆರೆಯಲ್ಲ. ನೀನು ಬಾಯಿ ಮಾತ್ರ ಆಡ್ಸು, ಸಾಕು.” ಬೈಯಲಿಲ್ಲ, ಕಿಟಕಿ ಹಾಕು ಅನ್ನುವ ಹಾಗೆ ಅಂದರು, ಅಷ್ಟೇ. ಅವಳ ತರಗತಿಗೆ ಚಿನ್ನದ ಪದಕ ಬಂತು. ಫೋಟೋದಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದವಳು ಶಿಹೊ. ಅಂದಿನಿಂದ ಇಪ್ಪತ್ತೊಂಬತ್ತು ವರ್ಷ ಅವಳು ಸ್ನಾನದ ತೊಟ್ಟಿಯಲ್ಲಿ ಕೂತೂ ಒಂದು ಸಾಲು ಗುನುಗಲಿಲ್ಲ.

ಆ ಟೀಚರೇ ಕುರೋಸೆ ಸೆನ್ಸೇ. ಈಗ ಎಪ್ಪತ್ತನಾಲ್ಕು ವಯಸ್ಸು, ಕೋಪ ಮಾತ್ರ ಇನ್ನೂ ಮೂಗಿನ ತುದಿಯಲ್ಲೇ. ಐದು ವರ್ಷದ ಹಿಂದೆ ಕಾರ್ಖಾನೆಯ ಅಂಗಡಿಗೆ ಕಮಾಬೊಕೊ ಕೊಳ್ಳಲು ಬಂದವರು, “ನೀನು ಪಿಯಾನೊ ನುಡಿಸ್ತೀಯಂತೆ. ಮಂಗಳವಾರ ಎರಡು ಗಂಟೆಗೆ ಬಾ” ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋಗಿದ್ದರು. ಶಿಹೊ ಹೋದಳು. ಅವರು ಎಲ್ಲ ಮರೆತಿದ್ದಾರೆ ಎಂದುಕೊಂಡಳು. ಅಂದವರು ಮರೆತರೂ ಅನ್ನಿಸಿಕೊಂಡವರು ಮರೆಯುತ್ತಾರೆಯೇ?

“ಹೋಗ್ಲಿ ಬಿಡಿ ಸೆನ್ಸೇ,” ಎಂದರು ಒಬ್ಬರು. “ಹೋದ ವರ್ಷದ ಬಂದರಿನ ಹಾಡೇ ಹಾಡೋಣ. ಶ್ವಾಸಕೋಶ ಇಲ್ಲದವಳ ಹಾಡು ನಮಗ್ಯಾಕೆ?”

ಮನುಷ್ಯರ ಬಾಯಲ್ಲಿ ತನ್ನ ಹಾಡನ್ನು ಶಿಹೊ ಕೇಳಿದ್ದು ಇದೇ ಮೊದಲು. ಐದು ಸಾಲು, ಅದೂ ಏದುಸಿರಿನಲ್ಲಿ. ಪೂರ್ತಿ ಹಾಡನ್ನು ಒಮ್ಮೆ, ಒಂದೇ ಒಂದು ಸಲ ಕೇಳಿದರೆ ಸಾಕಿತ್ತು. ಹಾಳೆಗಳನ್ನು ಎತ್ತಿಡದೆ ಮತ್ತೆ ಮೊದಲ ಪುಟಕ್ಕೆ ತಿರುಗಿಸಿಟ್ಟಳು.

“ಕಳ್ಳ ಉಸಿರು ಎಳೆದ್ರೆ?” ಎಂದರು ಕಿನುಕೊ-ಸಾನ್.

ಕೋರಸ್ಸಿನವರಿಗೆಲ್ಲ ಗೊತ್ತಿರುವ ಉಪಾಯ ಅದು. ಉದ್ದನೆಯ ಸ್ವರ ಬಂದಾಗ ಎಲ್ಲರೂ ಒಟ್ಟಿಗೆ ಉಸಿರೆಳೆಯದೆ, ಪಕ್ಕದವಳು ಹಿಡಿದಿರುವಾಗ ನೀನು ಸದ್ದಿಲ್ಲದೆ ಎಳೆದುಕೋ, ನೀನು ಹಿಡಿದಿರುವಾಗ ಅವಳು. ಕೇಳುವವರಿಗೆ ದನಿ ಎಲ್ಲೂ ಕಡಿಯುವುದಿಲ್ಲ.

“ಒಂದು ಸ್ವರಕ್ಕೆ ಆಗತ್ತೆ. ಇಡೀ ಹಾಡಿಗೆ ಯಾರಾದ್ರೂ ಮಾಡಿದ್ದಾರಾ?” ಎಂದರು ಸೆನ್ಸೇ.

“ಮಾಡಿಲ್ಲ. ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ, ಹಾಗಾಯ್ತು ನಮ್ಮ ಕಥೆ,” ಎಂದು ಕಿನುಕೊ-ಸಾನ್ ಸೀಲಿಂಗ್ ನೋಡಿದರು.

ಸೆನ್ಸೇಗೆ ಆ ಚುಚ್ಚುಮಾತು ಸಾಕಾಯಿತು. ಮರುವಾರ ಹನ್ನೆರಡು ಬಣ್ಣದ ಪೆನ್ಸಿಲ್ ಡಬ್ಬಿಯೊಂದಿಗೆ ಬಂದರು. ಒಬ್ಬೊಬ್ಬರಿಗೂ ಒಂದೊಂದು ಬಣ್ಣ, ಆ ಬಣ್ಣದ ಗುರುತು ಇರುವಲ್ಲಿ ಮಾತ್ರ ಅವರು ಉಸಿರೆಳೆಯಬೇಕು. ಕಿತ್ತಳೆಯನ್ನು ಯಾರಿಗೂ ಕೊಡಕೂಡದು, ಅದು ಮಿನಾಮೊ ಬಣ್ಣ ಎಂದು ಮಸಾಯೊ-ಸಾನ್ ಹಟ ಹಿಡಿದರು. ಹಾಗಾಗಿ ಕಿನುಕೊ-ಸಾನ್ ಪಾಲಿಗೆ ಬರೆಯುವ ಮಾಮೂಲಿ ಪೆನ್ಸಿಲ್ಲು ಬಂತು.

ಎರಡು ತಿಂಗಳು ಮಹಡಿಯ ಮೇಲೆ ಉಸಿರಿಗಾಗಿ ಕುರುಕ್ಷೇತ್ರವೇ ನಡೆಯಿತು. “ಅದು ನನ್ನ ಉಸಿರು, ನೀವ್ಯಾಕೆ ಎಳೆದ್ರಿ?” “ನಿಮ್ಮದು ನೇರಳೆ, ನಂದು ಗುಲಾಬಿ. ಕನ್ನಡಕ ಹಾಕ್ಕೊಳಿ!” ಸಾಲಿನ ಕೊನೆ ಬಂದರೆ ಹನ್ನೆರಡು ಎದೆಗಳೂ ಹಳೇ ಚಾಳಿಯಂತೆ ಒಟ್ಟಿಗೆ ಉಬ್ಬುತ್ತಿದ್ದವು. “ಅಲ್ಲಿ ಬೇಡ! ಎಲ್ಲರಿಗೂ ಬೇಕು ಅನ್ನಿಸೋ ಜಾಗದಲ್ಲಿ ಯಾರೂ ಎಳೀಬೇಡಿ!” ಎಂದು ಸೆನ್ಸೇ ಅರಚುತ್ತಿದ್ದರು. ಆರನೆಯ ವಾರ ಅರ್ಧ ಹಾಡು ಕಡಿಯದೆ ಸಾಗಿತು. ಎಂಟನೆಯ ವಾರ ಪೂರ್ತಿ ಸಾಗಿತು. ಆ ದಿನ ಶಿಹೊ ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟುಕೊಂಡು, ಮನಸಾರೆ ಅತ್ತು ಬಂದಳು.

ಹೊರಗೆ ಬಂದರೆ ಸೆನ್ಸೇ ಒಬ್ಬರೇ ಪಿಯಾನೊ ಪಕ್ಕದಲ್ಲಿ ನಿಂತಿದ್ದರು. ಉಳಿದವರು ಕೆಳಗೆ ಚಪ್ಪಲಿ ಬದಲಾಯಿಸುತ್ತಿದ್ದ ಗದ್ದಲ ಕೇಳುತ್ತಿತ್ತು.

“ಎರಡನೇ ಪುಟದಲ್ಲಿ ಈ ಸ್ವರ, ಮೂರನೇ ಪುಟದಲ್ಲಿ ಈ ಸ್ವರ,” ಎಂದು ಬೆರಳಿಟ್ಟರು. “ಹಾಳೇಲಿರೋದು ಒಂದು, ನೀನು ನುಡಿಸೋದು ಇನ್ನೊಂದು. ಮೊದಲ ದಿನದಿಂದ.”

ಆ ಹಾಳೆಯನ್ನು ಯಾರೋ ಅಭಿಮಾನಿ ಕೇಳಿ ಕೇಳಿ ಬರೆದು ಜಾಲದಲ್ಲಿ ಹಾಕಿದ್ದ. ಎರಡು ಕಡೆ ತಪ್ಪಿದ್ದ. ಶಿಹೊಳ ಬೆರಳು ಹಾಳೆಯನ್ನು ನೋಡದೆ ತನಗೆ ಗೊತ್ತಿದ್ದ ಕಡೆಗೇ ಹೋಗಿತ್ತು.

“ತಪ್ಪಾಯ್ತು ಸೆನ್ಸೇ.”

“ತಪ್ಪು ಹಾಳೇದು. ನಿಂದೇ ಸರಿ. ಅದು ನಿಂಗೆ ಹೇಗೆ ಗೊತ್ತು?”

“ತುಂಬಾ ಸಲ ಕೇಳಿದ್ದೀನಿ, ಅದಕ್ಕೇ.”

ಸೆನ್ಸೇ ಅವಳ ಕೆಂಪಾದ ಕಣ್ಣುಗಳನ್ನು ನೋಡಿದರು. ಏನೋ ಹೇಳಲು ಹೊರಟು, ಚೀಲದಿಂದ ಜೇನಿನ ಪೆಪ್ಪರ್‌ಮಿಂಟು ತೆಗೆದು ಅವಳ ಕೈಯಲ್ಲಿಟ್ಟು ಹೋದರು.

ಪ್ರಾಂತ್ಯದ ಅಮ್ಮಂದಿರ ಕೋರಸ್ ಸಮ್ಮೇಳನ ತೊಯಾಮ ನಗರದ ದೊಡ್ಡ ಸಭಾಂಗಣದಲ್ಲಿ. ಮೂವತ್ತು ತಂಡಗಳು, ಅದರಲ್ಲಿ ರಾಷ್ಟ್ರಮಟ್ಟಕ್ಕೆ ಹೋಗುವುದು ಒಂದೇ. ಆ ಭಾನುವಾರ ಬೆಳಗ್ಗೆ ಬಸ್ಸು ಹತ್ತಿದ ಕಿನುಕೊ-ಸಾನ್ ಎಲ್ಲರಿಗೂ ನಮಸ್ಕಾರ ಹೇಳಲು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ರಾತ್ರೋರಾತ್ರಿ ಗಂಟಲು ಕಟ್ಟಿತ್ತು. ಊರಿನ ಬಾಯಿಬಡುಕಿ ಎನಿಸಿಕೊಂಡವರಿಗೆ ಅದೇ ದಿನ ಹೀಗಾಗಬೇಕೇ?

ಕಾಯುವ ಕೋಣೆಯಲ್ಲಿ ಟ್ರೌಟ್ ಮೀನಿನ ಸುಶಿ ಡಬ್ಬಿಗಳು ಬಿಚ್ಚದೆ ಉಳಿದವು. ಸೆನ್ಸೇ ನೆಲದ ಮೇಲೆ ಮಂಡಿಯೂರಿ, ಹನ್ನೊಂದು ಬಣ್ಣಗಳನ್ನು ಹಿಂದೆ ಮುಂದೆ ಸರಿಸುತ್ತ ಹಾಳೆಯನ್ನು ತಿದ್ದಿದರು. ಎಲ್ಲ ರಂಧ್ರಗಳೂ ಮುಚ್ಚಿದವು, ಒಂದನ್ನು ಬಿಟ್ಟು. ಕೊನೆಯ ಸಾಲಿಗೆ ಮೊದಲು ಹಾಡು ಸಣ್ಣಗಾಗಿ, ತಗ್ಗಿನ ದನಿಯಲ್ಲಿ ಇಬ್ಬರೇ ಹಿಡಿದಿರುವ ಜಾಗ. ಉಳಿದವರಷ್ಟೂ ಕೊನೆಯ ಏರಿಕೆಗೆಂದು ಎದೆ ತುಂಬಿಕೊಳ್ಳುವುದು ಅಲ್ಲೇ. ಹಿಡಿಯುತ್ತಿದ್ದವರು ಮಸಾಯೊ-ಸಾನ್ ಮತ್ತು ಕಿನುಕೊ-ಸಾನ್. ಈಗ ಮಸಾಯೊ-ಸಾನ್ ಒಬ್ಬರೇ, ನಡುವೆ ಅವರಿಗೊಂದು ಉಸಿರು ಬೇಕೇ ಬೇಕು.

“ಎರಡು ಎಣಿಕೆ ಖಾಲಿ ಬಿದ್ರೆ ಯಾರಿಗೆ ಗೊತ್ತಾಗತ್ತೆ?” ಎಂದರು ಯಾರೋ.

“ನಂಗೆ ಗೊತ್ತಾಗತ್ತೆ,” ಎಂದರು ಸೆನ್ಸೇ. “ಬರೆದವರಿಗೆ ಗೊತ್ತಾಗತ್ತೆ.” ಆಮೇಲೆ ಶಿಹೊ ಕಡೆ ತಿರುಗದೆಯೇ, “ಪಿಯಾನೊ ಸ್ವಲ್ಪ ಜೋರಾಗಿ ನುಡಿಸಿ ಮುಚ್ಚಿಬಿಡು” ಎಂದರು.

ಶಿಹೊ “ಹೂಂ” ಎಂದಳು. ಮುಚ್ಚುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪಿಯಾನೊದ ಸ್ವರ ಹುಟ್ಟಿದ ಗಳಿಗೆಯಿಂದಲೇ ಸಾಯುತ್ತ ಹೋಗುತ್ತದೆ, ಹಿಡಿದು ನಿಲ್ಲಿಸಲು ಗಂಟಲೇ ಬೇಕು. ಕೋಣೆಯಲ್ಲಿ ಕೆಲಸವಿಲ್ಲದ ಗಂಟಲು ಒಂದಿತ್ತು. ಅದರ ಬಾಗಿಲಿಗೆ ಇಪ್ಪತ್ತೊಂಬತ್ತು ವರ್ಷದ ತುಕ್ಕು ಹಿಡಿದಿತ್ತು.

ಹತ್ತೊಂಬತ್ತನೆಯ ತಂಡವಾಗಿ ವೇದಿಕೆ ಹತ್ತಿದರು. ಮೈಕಿನ ಹುಡುಗಿ ಮುಖದ ಒಂದು ಗೆರೆಯೂ ಅಲುಗದಂತೆ ಓದಿದಳು: “ಹಾಡು, ‘ಅಲೆ ಕಾಯುವುದಿಲ್ಲ’. ಬರೆದವರು, ಉಸಿರುಕಟ್ಟು-ಪಿ.” ಸಭಾಂಗಣದಲ್ಲಿ ಅಲ್ಲಲ್ಲಿ ಕಿಸಕ್ಕೆಂದು ನಗು. ಹನ್ನೊಂದು ಮಂದಿ ಅಜ್ಜಿಯರನ್ನು ನೋಡಿ, ಆ ಹೆಸರನ್ನು ಕೇಳಿ ನಕ್ಕವರು ಅವರು. ಸೆನ್ಸೇ ಕೈ ಎತ್ತಿದರು.

ಹಾಡು ಹೊರಟಿತು. ಮೊದಲ ಸಾಲು ಮುಗಿಯುವಲ್ಲಿ ಮುಗಿಯಲಿಲ್ಲ, ಎರಡನೆಯದರೊಳಗೆ ಹರಿಯಿತು, ಎರಡನೆಯದು ಮೂರನೆಯದರೊಳಗೆ. ಹಸಿರು ಬಿಟ್ಟಲ್ಲಿ ನೀಲಿ ಹಿಡಿಯಿತು, ನೀಲಿ ಬಿಟ್ಟಲ್ಲಿ ಕಂದು. ಒಂದು ನಿಮಿಷವಾದ ಮೇಲೆ ಸಭಿಕರಿಗೆ ತಿಳಿಯತೊಡಗಿತು. ಇವರು ನಿಲ್ಲಿಸುತ್ತಲೇ ಇಲ್ಲ! ಮುಂದಿನ ಸಾಲಿನಲ್ಲಿದ್ದ ತೀರ್ಪುಗಾರನೊಬ್ಬ ಪೆನ್ನು ಕೆಳಗಿಟ್ಟು ಹೆಂಗಸರ ಬಾಯಿಗಳನ್ನು ಒಂದೊಂದಾಗಿ ನೋಡತೊಡಗಿದ, ಮೋಸ ಎಲ್ಲಿದೆ ಎಂದು ಹುಡುಕುವವನಂತೆ. ನಕ್ಕಿದ್ದವರು ನಗು ಮರೆತು ತಮ್ಮ ಉಸಿರನ್ನೇ ಬಿಗಿಹಿಡಿದಿದ್ದರು.

ತಗ್ಗಿನ ಜಾಗ ಬಂತು. ಹತ್ತು ದನಿ ಒಂದೊಂದಾಗಿ ಕರಗಿ, ಮಸಾಯೊ-ಸಾನ್ ಒಬ್ಬರೇ ಉಳಿದರು. ಅವರ ಕತ್ತಿನ ನರ ಉಬ್ಬಿತು. ಇನ್ನೊಂದು ಎಣಿಕೆ, ಆಮೇಲೆ ಅವರು ಬಿಡಲೇಬೇಕು. ಶಿಹೊ ಪಿಯಾನೊವನ್ನು ಜೋರು ಮಾಡಲಿಲ್ಲ. ತನ್ನದೇ ಹಾಡು ತನ್ನ ಕಣ್ಣೆದುರೇ ಕಡಿಯುವುದನ್ನು ನೋಡುತ್ತ ಸುಮ್ಮನಿರಲು ಅವಳಿಂದ ಆಗಲಿಲ್ಲ. ಬಾಯಿ ತೆರೆದಳು. ತೆರೆಯುವುದು ಅಭ್ಯಾಸವಿತ್ತು. ಈ ಸಲ ಒಳಗಿನಿಂದ ದನಿಯೂ ಬಂತು.

ಒರಟು ದನಿ, ಗಂಡಸಿನಷ್ಟು ತಗ್ಗಿನದು, ಅಂಚೆಲ್ಲ ಸೀಳು ಸೀಳು. ಮಸಾಯೊ-ಸಾನ್ ಬೆಚ್ಚಿ ಅರ್ಧ ತಿರುಗಿ, ಉಸಿರೆಳೆದುಕೊಂಡು ಮತ್ತೆ ಸೇರಿದರು. ಎರಡು ಎಣಿಕೆ ಕಳೆಯಿತು. ಅಲ್ಲಿಗೆ ಶಿಹೊಳ ಕೆಲಸ ಮುಗಿದಿತ್ತು, ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ! ಕೊನೆಯ ಏರಿಕೆಗೆ ಹತ್ತು ದನಿಗಳು ಒಮ್ಮೆಲೇ ಎದ್ದಾಗ ಅವಳದು ಅವೆಲ್ಲದರ ಕೆಳಗೆ ನೆಲದಂತೆ ನಿಂತಿತು. ಯಾರೊಂದಿಗೂ ಬೆರೆಯದ ದನಿ ಅದು. ನೆಲ ಗೋಡೆಯೊಂದಿಗೆ ಯಾಕೆ ಬೆರೆಯಬೇಕು? ಸೆನ್ಸೇ ಕೈ ಬೀಸುತ್ತಲೇ ಇದ್ದರು, ಕಣ್ಣು ಮಾತ್ರ ಪಿಯಾನೊ ಕಡೆ ನೆಟ್ಟಿತ್ತು, ಕೆನ್ನೆ ಒದ್ದೆಯಾಗಿತ್ತು.

ಹಾಡು ಮುಗಿಯಿತು. ಆಮೇಲೆ ಇಡೀ ಸಭಾಂಗಣ ಒಟ್ಟಿಗೆ ಉಸಿರೆಳೆದುಕೊಂಡಿತು, ಅದು ವೇದಿಕೆಗೂ ಕೇಳಿಸಿತು. ಚಪ್ಪಾಳೆ ಬಿದ್ದದ್ದು ಅದರ ನಂತರ. ಎಂಥ ಚಪ್ಪಾಳೆ! ಹಿಂದಿನ ಸಾಲಿನಲ್ಲಿ ಹೊನೊಕಾ ನಿಯಮಗಿಯಮ ಬದಿಗಿಟ್ಟು ಬೆಂಚಿನ ಮೇಲೆ ಹತ್ತಿ ನಿಂತು ಕಿತ್ತಳೆ ದೀಪದ ಕಡ್ಡಿ ಬೀಸುತ್ತಿದ್ದಳು. ಸೆನ್ಸೇ ಸಭೆಗೆ ತಲೆಬಾಗಿ, ನೆಟ್ಟಗೆ ಪಿಯಾನೊ ಬಳಿ ನಡೆದುಬಂದು, ಶಿಹೊಳ ತೋಳು ಹಿಡಿದು ಎಬ್ಬಿಸಿ ವೇದಿಕೆಯ ಮುಂದಕ್ಕೆ ಎಳೆದರು. ವೇದಿಕೆಯ ಮೇಲೆ ಮಾತನಾಡಕೂಡದೆಂಬ ನಿಯಮವೂ ಇತ್ತು.

“ಉಸಿರುಕಟ್ಟು-ಪಿ ಅಂದ್ರೆ ಇವಳೇ,” ಎಂದರು ಮೈಕಿಲ್ಲದೆ, ನಲವತ್ತು ವರ್ಷ ತರಗತಿ ಆಳಿದ ಕಂಠದಲ್ಲಿ. “ಶಿಹೊ ಉರಾಬೆ. ನಮ್ಮ ಹಿಮಿಯವಳು!”

“ಏನೂ!” ಎಂದು ಕಿರುಚಿದ್ದು ಮಸಾಯೊ-ಸಾನ್. ಕಿನುಕೊ-ಸಾನ್ ವೇದಿಕೆಯ ಪಕ್ಕದಿಂದ ದನಿಯಿಲ್ಲದೆಯೇ ಏನೋ ಅರಚಿದರು.

ರಾಷ್ಟ್ರಮಟ್ಟಕ್ಕೆ ಆಯ್ಕೆಯಾದ ಒಂದು ತಂಡ ಹಿಮಿಯದೇ. ವಾಪಸು ಬಸ್ಸಿನಲ್ಲಿ ಸುಶಿ ಡಬ್ಬಿಗಳು ಕೊನೆಗೂ ಬಿಚ್ಚಿಕೊಂಡವು. “ಎರಡು ತಿಂಗಳು ನಮ್ಮ ಪ್ರಾಣ ತೆಗೆದೋಳು ಇಲ್ಲೇ ಕೂತು ಮಜಾ ನೋಡ್ತಿದ್ಲಲ್ರೀ!” ಎಂದು ಒಬ್ಬೊಬ್ಬರೂ ಶಿಹೊ ಬೆನ್ನಿಗೆ ಗುದ್ದಿ ಹೋದರು. ಮಸಾಯೊ-ಸಾನ್ ಮೊಮ್ಮಗಳಿಗೆಂದು ಹಸ್ತಾಕ್ಷರವನ್ನೂ ಹಾಕಿಸಿಕೊಂಡರು, ಅದರ ಕೆಳಗೆ ತಮಗೊಂದು.

ಸೆನ್ಸೇ ಬಂದು ಪಕ್ಕದಲ್ಲಿ ಕೂತರು. ಸಮುದ್ರ ಕಾಣಿಸಿದಾಗ ಬಾಯಿ ತೆರೆದರು.

“ಬಾಯಿ ಮಾತ್ರ ಆಡ್ಸು ಅಂದಿದ್ದೆ.”

ಶಿಹೊ ಬೆಚ್ಚಿದಳು. “ನಿಮಗೆ ನೆನಪಿದೆಯಾ?”

“ಆ ಫೋಟೋ ನನ್ನ ಹತ್ರಾನೂ ಇದೆ. ಪದಕದ ಆಸೆಗೆ ಒಂದು ಮಗುವಿನ ಬಾಯಿಗೆ ಬೀಗ ಹಾಕ್ದೆ. ಐದು ವರ್ಷದಿಂದ ಪ್ರತಿ ಮಂಗಳವಾರ ಹೇಳ್ಬೇಕು ಅಂತ ಬರ್ತೀನಿ, ಹೇಳದೇ ಹೋಗ್ತೀನಿ. ತಪ್ಪು ನಂದು, ಶಿಹೊ. ಕ್ಷಮಿಸು.” ಎಪ್ಪತ್ತನಾಲ್ಕರ ಮುದುಕಿ ಬಸ್ಸಿನ ಸೀಟಿನಲ್ಲೇ ಹಣೆ ಮಂಡಿಗೆ ತಾಗುವಷ್ಟು ಬಾಗಿದರು. ಆಮೇಲೆ ಎದ್ದು, ಮೂಗೊರೆಸಿಕೊಂಡು, ಡಬ್ಬಿಯಿಂದ ಕಿತ್ತಳೆ ಪೆನ್ಸಿಲ್ ತೆಗೆದು ಕೊಟ್ಟರು. “ಮಸಾಯೊ ಒಪ್ಪಿದ್ದಾಳೆ. ಇನ್ಮೇಲೆ ನೀನೂ ಹಾಡೋಳೇ. ನಿಂಗೆ ಉಸಿರು ಎಲ್ಲಿ ಬೇಕೋ ನೀನೇ ಗುರುತು ಹಾಕ್ಕೋ.”

ಶಿಹೊ ಸ್ವರದ ಹಾಳೆಯನ್ನು ಮಂಡಿಯ ಮೇಲೆ ಬಿಡಿಸಿ ಪೆನ್ಸಿಲ್ ಊರಿದಳು. ಬಸ್ಸಿನ ಕುಲುಕಾಟದಲ್ಲಿ ಗುರುತು ಸೊಟ್ಟಗೆ ಬಿತ್ತು.

ಮುಂದಿನ ತಿಂಗಳು ಮೂವತ್ತೆರಡನೆಯ ಹಾಡು ಜಾಲಕ್ಕೆ ಏರಿತು. ಅದು ಶುರುವಾದದ್ದೇ ಒಂದು ಉಸಿರಿನಿಂದ, ಎದೆ ತುಂಬ ಎಳೆದುಕೊಂಡ ನಿಜವಾದ ಉಸಿರು. ಪರದೆಯ ಮೇಲೆ ಮಾತುಗಳು ಮುಗಿಬಿದ್ದವು: “ಉಸಿರಾಡಿದ್ಲು! ಹದಿನೈದು ವರ್ಷ ಆದ್ಮೇಲೆ ಉಸಿರಾಡಿದ್ಲು!” “ಹಾಗಂತ ಹೆಸರು ಬದಲಾಯಿಸಲ್ಲ, ಹೇಳಿದ್ದೀವಿ!” ಆಮೇಲೆ ಮಿನಾಮೊ ಎಂದಿನಂತೆ ಹಾಡಿದಳು, ಆದರೆ ಒಬ್ಬಳೇ ಅಲ್ಲ. ಅವಳ ಹೊಳಪಿನ ದನಿಯ ಕೆಳಗೆ ಇನ್ನೊಂದು ದನಿ, ತಗ್ಗಿನದು, ಒರಟು, ಯಾವ ಕಂಪ್ಯೂಟರಿನದೂ ಅಲ್ಲದ್ದು.

“ಕೆಳಗಡೆ ಹಾಡ್ತಿರೋದು ಯಾರು?” ಎಂದು ಯಾರೋ ಬರೆದರು.

ಶಿಹೊ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು ಉತ್ತರ ಬರೆದಳು.

“ನಾನು.”